ಯಾವ ಪಟ್ಟಿಯ ಕುಡುಕ?

ಕಿರಿಮಂಜೇಶ್ವರದಲ್ಲಿ ನನ್ನ ಅತ್ತೆ, ಹೆಂಡತಿಯ ತಾಯಿ, ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಹೆಂಡತಿ ಹೋಗಿ ಹದಿನೈದು ದಿನ ನೋಡಿಕೊಳ್ಳಬೇಕಿತ್ತು. ಕುಂದಾಪುರದ ಮನೆಯಲ್ಲಿ ನನ್ನೊಬ್ಬನನ್ನೇ ಬಿಟ್ಟು ಹೋಗಲು ಅವಳಿಗೆ ಧೈರ್ಯವಿಲ್ಲ.

"ನೀವ್ ಕುಡುಕ ಅಲ್ಲ ಅಂದ್ ಡಾಕ್ಟ್ರ್ ಹೇಳ್ರೆ ನಾ ಹೋತೆ" ಎಂದಳು.

ಇಷ್ಟೇ ತಾನೇ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳನ್ನೂ ಕರೆದುಕೊಂಡು ಬ್ರಹ್ಮಾವರದ ಡಾಕ್ಟರ ಬಳಿಗೆ ಹೊರಟೆ.

ಅವರು ಮೊದಲು ಕೊಟ್ಟ ಕಾಗದದಲ್ಲಿ ನಾಲ್ಕೇ ಪ್ರಶ್ನೆ. ಕುಡಿಯುವುದನ್ನು ಕಡಿಮೆ ಮಾಡಬೇಕು ಅನ್ನಿಸಿದೆಯೇ? ಪ್ರತಿ ಸೋಮವಾರ ಅನ್ನಿಸುತ್ತದೆ. ಬೇರೆಯವರು ಆಕ್ಷೇಪಿಸಿದರೆ ಸಿಟ್ಟು ಬರುತ್ತದೆಯೇ? ಪ್ರಶ್ನೆ ಓದುವಾಗಲೇ ಬಂತು. ಎರಡು ಹೌದು ಬಂದರೆ ಸಂಶಯ ಪಡಬೇಕಂತೆ.

"ಬರೀ ಸಂಶಯ ಅಲ್ದಾ ಡಾಕ್ಟ್ರೇ, ಬೇರೆ ಕಾಗ್ದ ಇತ್ತಾ?" ಎಂದೆ, ಅಂಗಡಿಯಲ್ಲಿ ಬೇರೆ ಸೀರೆ ತೋರಿಸಿ ಎನ್ನುವವರ ಹಾಗೆ.

ಎರಡನೆಯದು ಅಮೆರಿಕದ ಪಟ್ಟಿ. ಹನ್ನೊಂದು ಲಕ್ಷಣಗಳಲ್ಲಿ ಒಂದೇ ವರ್ಷದೊಳಗೆ ಎರಡು ಕಂಡರೂ ಸಾಕು, ಕಾಯಿಲೆ ಎನ್ನುತ್ತಾರೆ. ನನ್ನಲ್ಲಿ ಮೂರು ಸಿಕ್ಕಿದವು. ಇಷ್ಟು ಸುಲಭವಾಗಿ ಪಟ್ಟ ಕಟ್ಟಿಸಿಕೊಳ್ಳಲು ನಾನೇನು ಅಮೆರಿಕದವನೇ?

ಮೂರನೆಯದು ಎಲ್ಲ ದೇಶಗಳಿಗೂ ಸಲ್ಲುವ ಹಳೆಯ ಪಟ್ಟಿ. ಅಲ್ಲಿ ಆರಕ್ಕೆ ಮೂರು ಬೇಕು. ಆಸೆ ತಡೆಯಲಾಗುವುದಿಲ್ಲ, ಹೌದು. ಮೊದಲಿನ ಎರಡು ಪೆಗ್ಗು ಈಗ ಸಾಲುವುದಿಲ್ಲ, ಅದೂ ಹೌದು. ಕುಡಿತಕ್ಕಾಗಿ ಬೇರೆ ಕೆಲಸ, ಸಂತೋಷಗಳನ್ನು ಬಿಟ್ಟುಕೊಟ್ಟದ್ದುಂಟೇ? ಇಲ್ಲವೇ ಇಲ್ಲ. ಎರಡಕ್ಕೇ ನಿಂತಿತು. ಪಾಸಾದ ಖುಷಿಯಲ್ಲಿ ನಾನು ಇನ್ನೊಂದು ಸಾಕ್ಷಿಯನ್ನೂ ಮುಂದಿಟ್ಟೆ.

"ವರ್ಷ ವರ್ಷ ಅಯ್ಯಪ್ಪನ ಮಾಲಿ ಹಾಕ್ತೆ ಡಾಕ್ಟ್ರೇ. ನಲ್ವತ್ತೆಂಟ್ ದಿನ ಒಂದ್ ತೊಟ್ಟೂ ಇಲ್ಲ. ಕುಡುಕನ ಹತ್ರ ಇದ್ ಆತ್ತಾ?"

ಡಾಕ್ಟರು ನನ್ನ ಹೆಂಡತಿಯ ಕಡೆ ತಿರುಗಿದರು.

"ಅದ್ ಸತ್ಯವೇ" ಎಂದಳು. "ಆ ದಿನದಲ್ ಮಾತ್ರ ನಾ ತವರಿಗ್ ಹೋಪುದ್. ಅದ್ಕೇ ನಮ್ಮ ಅಬ್ಬಿ ಫೋನ್ ಮಾಡಿ ಕೇಂತ್ರ್, ಅಳಿಯ ಮಾಲಿ ಹಾಕಿದ್ರಾ ಅಂದ್. ಈ ಸಲ ಸೊಂಟ ಮುರ್ಕಂಡ್ ಆಸ್ಪತ್ರೆ ಮಂಚದಲ್ ಮಲ್ಕಂಡೂ ಅದ್ನೇ ಕೇಂಡ್ರ್."

ಬಿಟ್ಟುಕೊಟ್ಟದ್ದು ಏನು ಎಂದು ಕಾಗದ ಕೇಳಿದ್ದು ನನ್ನನ್ನು. ಬಿಟ್ಟುಕೊಟ್ಟವಳು ಪಕ್ಕದ ಕುರ್ಚಿಯಲ್ಲಿದ್ದಳು. ನಾನು ಪಾಸಾದ ಆ ಮೂರನೆಯ ಕಾಗದವನ್ನು ಡಾಕ್ಟರ ಕಡೆಗೆ ವಾಪಸು ಸರಿಸಿದೆ.

"ಅಮೆರಿಕದ್ದೇ ಇರ್ಲಿ ಡಾಕ್ಟ್ರೇ" ಎಂದೆ. "ಇವತ್ತೇ ಮದ್ದ್ ಶುರು ಮಾಡಿ."