ಇಮಾಮಹುಸೇನ ಕಾಕಾನ ತಂಪು ಮೋಟಾರು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಾಗಿಲ್ಲ. ಸಾಲು ಎಷ್ಟು ನೇರವಾಗಿ ಹಿಡಿದರೂ ಬಲಕ್ಕೆ ಹೋಗುತ್ತ ಮೇಲೇರುತ್ತದೆ. ಮಾತುಗಳೂ ನನ್ನ ಹತ್ತಿರ ಕಡಿಮೆ. ಎದ್ದು ನಿಂತು ಓದು ಎಂದರೆ ದನಿಯೇ ಹೊರಡುತ್ತಿರಲಿಲ್ಲ, ಹೀಗಾಗಿ ಕನ್ನಡ ಐದನೆಯ ಇಯತ್ತೆಯಲ್ಲಿಯೇ ಸಾಲೆ ಬಿಟ್ಟೆ. ನಮ್ಮ ಭಗಿನೀ ಮಂಡಳದ ಕೈಬರಹದ ಪತ್ರಿಕೆಗೆ “ನೀನು ಯಾರನ್ನು ನೆನೆಯುತ್ತೀಯೋ ಅವರ ವಿಷಯ ಬರೆ” ಎಂದು ಲಕ್ಷ್ಮೀಬಾಯಿ ಅಕ್ಕೋರು ಹೇಳಿದರು. ಅವರ ಮಾತಿಗೆ ಇಲ್ಲ ಎನ್ನಲಾರದೆ ಬರೆದಿದ್ದೇನೆ.

ನಾನು ನೆನೆಯುವುದು ಇಮಾಮಹುಸೇನ ಕಾಕಾ ಅವರನ್ನು. ಅವರು ಹುಬ್ಬಳ್ಳಿಯಲ್ಲಿ ಬಾಡಿಗೆ ಮೋಟಾರು ನಡೆಸುತ್ತಾರೆ. ಮೋಟಾರು ಹಳೆಯದು, ಕರಿಯದು, ನಾಲ್ಕೂ ಕಡೆ ಗಾಜಿನ ಕಿಟಕಿ ಇದ್ದದ್ದು. ಕಾಕಾ ನಡೆಸಲು ಕೂಡುವಾಗ ಚಪ್ಪಲಿ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಮೋಟಾರಿನ ಸಂಕಟ ಬರಿಗಾಲಿಗೆ ಮೊದಲು ತಿಳಿಯುತ್ತದೆ ಎನ್ನುವುದು ಅವರ ನಂಬಿಕೆ. ಮೋಟಾರು ಕಲಿಯುವುದಕ್ಕಿಂತ ಮುಂಚೆ ಅವರು ರೈಲ್ವೆ ಸಾಹೇಬರೊಬ್ಬರ ಬಂಗಲೆಯಲ್ಲಿ ಇದ್ದರು. ಬೇಸಗೆಯಲ್ಲಿ ಅಲ್ಲಿ ತಂಪಿಗೆಂದು ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟುತ್ತಿದ್ದರಂತೆ. ಅದು ಒಣಗದಂತೆ ನೀರು ಚಿಮುಕಿಸುವುದು ಅವರ ಕೆಲಸ. ತಟ್ಟಿ ಹೆಣೆದು ತಂದುಕೊಡುತ್ತಿದ್ದವರ ಮಗಳು ಮಾಬೂಬಿ. ಕಾಕಾ ಅವರನ್ನೇ ಮದುವೆಯಾದರು.

ಹೋದ ವರ್ಷ ಬೇಸಗೆಯಲ್ಲಿ ನನ್ನ ಅಕ್ಕ ರತ್ನವ್ವ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ನಮ್ಮ ಮನೆಯಲ್ಲಿ ಹಡೆದಳು. ಹೆಣ್ಣು ಕೂಸು. ಕೆಲವು ದಿನಕ್ಕೆ ಅಕ್ಕನಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಅವಳು ನನ್ನ ಹೆಸರನ್ನೇ ಮರೆತು ಏನೇನೋ ಮಾತಾಡತೊಡಗಿದಾಗ ಅಪ್ಪ ಸೈಕಲ್ಲು ಹತ್ತಿ ಹುಬ್ಬಳ್ಳಿಗೆ ಹೋದ. ಡಾಕ್ಟರಿಗೆ ಹೇಳಿ ತಾನು ಆಸ್ಪತ್ರೆಯಲ್ಲಿಯೇ ನಿಂತು, ಇಮಾಮಹುಸೇನ ಕಾಕಾ ಅವರ ಮೋಟಾರನ್ನು ನಮ್ಮ ಮನೆಗೆ ಕಳಿಸಿದ. ಸಂಜೆಯವರೆಗೆ ಕಾಯಬೇಡಿರಿ ಎಂದು ಡಾಕ್ಟರು ಹೇಳಿದ್ದರು. ಮೋಟಾರು ಬಂದು ನಿಂತಾಗ ಹೊತ್ತು ನೆತ್ತಿಗೆ ಬಂದಿತ್ತು. ಎರೆಹೊಲಗಳ ಮೇಲೆ ಗಾಳಿ ಬಿಸಿಯಾಗಿ ಕುಣಿಯುತ್ತಿತ್ತು.

ನನ್ನ ಆಯಿ, ಅಂದರೆ ಅಜ್ಜಿ, ದಾನವ್ವ ಬಾಗಿಲಿಗೆ ಅಡ್ಡ ನಿಂತಳು.

“ಬಾಣಂತಿ ಅದಾಳಪಾ. ಒಂದ ಎಳಿ ಗಾಳಿ ತಾಕಬಾರದು. ಗಾಜು ಎಲ್ಲಾ ಏರಸು.”

“ಆಯಿ, ಈ ಬಿಸಲಾಗ ಗಾಜು ಏರಿಸಿದ್ರ...” ಎಂದರು ಕಾಕಾ.

“ನನಗ ಹೇಳಬ್ಯಾಡ. ನನ್ನ ಚೊಚ್ಚಲ ಕೂಸು ಗಾಳಿ ತಾಕೇ ಹೋತು. ನಿನಗೇನ ಗೊತ್ತು?”

ಆಯಿಯ ಮಾತಿನಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಮಾಬೂಬಿ ಹೆಣೆದ ತಟ್ಟಿಗಳನ್ನು ಕಾಕಾ ಜೊತೆಗೇ ತಂದಿದ್ದರು. ಆಯಿಯ ಮಾತೂ ಉಳಿಯಲಿ, ತಂಪೂ ಆಗಲಿ ಎಂದು ಗಾಜುಗಳನ್ನು ಏರಿಸಿ, ಒಳಮಗ್ಗಲಿಗೆ ತಟ್ಟಿ ಕಟ್ಟಿ, ನೀರು ಸುರಿದರು. ಅಕ್ಕನ ಕಿವಿಗೆ ಅರಿವೆ ಸುತ್ತಿ, ಕೌದಿ ಹೊದಿಸಿ, ಹಿಂದಿನ ಸೀಟಿನ ನಡುವೆ ಕೂಡಿಸಿದೆವು. ಅವಳ ಎಡಕ್ಕೆ ಆಯಿ, ಬಲಕ್ಕೆ ನಾನು. ಕೂಸು ನನ್ನ ತೊಡೆಯ ಮೇಲೆ.

ಹೊರಟಾಗ ಲಾವಂಚದ ವಾಸನೆ ಹಿತವಾಗಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗೆ ಉಸಿರು ಕಟ್ಟತೊಡಗಿತು. ಗಾಜಿನ ಮೇಲೆ ಹನಿ ಕಟ್ಟಿದವು. ಬೆವರು ಹರಿಯುತ್ತಿತ್ತು, ಆದರೆ ಆರುತ್ತಿರಲಿಲ್ಲ. ಅಕ್ಕ ಬಾಯಿ ತೆರೆದು ಉಸಿರಾಡುತ್ತಿದ್ದಳು. ಕೂಸು ಮೊದಲು ಅತ್ತಿತು, ಆಮೇಲೆ ಸುಮ್ಮನಾಯಿತು. ಅದರ ಕೈ ಎತ್ತಿ ಬಿಟ್ಟರೆ ಹಾಗೇ ಕೆಳಗೆ ಬೀಳುತ್ತಿತ್ತು. ಕೂಗಬೇಕೆಂದರೆ ನನಗೆ ದನಿಯೇ ಬರಲಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಕೈಯಿಂದ ಬಡಿದೆ.

ಕಾಕಾ ಒಂದು ಬೇವಿನ ಗಿಡದ ಕೆಳಗೆ ಮೋಟಾರು ನಿಲ್ಲಿಸಿದರು.

“ಏನ ಮೋಟಾರೋ ಇದು! ಒಲಿ ಮ್ಯಾಲಿನ ಗಡಗಿ ಆಗೇತಿ,” ಎಂದಳು ಆಯಿ. ಅವಳ ಮುಖವೂ ಕೆಂಪಾಗಿತ್ತು.

“ಗಡಗೀನ ಆಗೇತ್ರಿ ಆಯಿ. ಮುಚ್ಚಳಾ ನೀವ ಹಾಕಿಸೀರಿ, ನೀರು ನಾ ಹಾಕೀನಿ. ಇಬ್ಬರೂ ಕೂಡಿ ಕುದಿಸಾಕತ್ತೇವಿ ನೋಡ್ರಿ.”

“ಚ್ಯಾಷ್ಟಿ ಮಾಡೂ ಹೊತ್ತಾ ಇದು?”

“ಅಲ್ರಿ, ತಪ್ಪು ನಂದ. ಬಂಗಲೇದಾಗ ದಿನಾ ನೋಡೀನಿ. ಹಸಿ ತಟ್ಟಿ ಗಾಳಿ ಹಾದ್ರನ ತಂಪ ಕೊಡ್ತೈತಿ. ಗಾಳಿ ಒಳಗ ಬರಬೇಕಂದ್ರ ಹೊರಗ ಹೋಗಾಕ ಒಂದು ಹಾದಿ ಬೇಕ್ರಿ. ನಿಮ್ಮ ಮಾತ ಮುರೀಬಾರದಂತ ಎರಡೂ ಹಾದಿ ಮುಚ್ಚಿಬಿಟ್ಟೆ.”

“ಅಂದ್ರ ಗಾಜು ಇಳಸ್ತೀ. ಗಾಳಿ ಬಂದು ಇಕೀ ಕಿವಿಗೆ ಬಡೀತೈತಿ.”

“ಬಡೀದಂಗ ಮಾಡತೇನ್ರಿ. ಬಡೀತಂದ್ರ ನೀವ ನನಗ ಬಡೀರಿ.”

ಕಾಕಾ ಹಿಂದಿನ ತಟ್ಟಿಗಳನ್ನು ಬಿಚ್ಚಿದರು. ಮುಂದಿನ ಎಡಗಡೆಯ ಗಾಜನ್ನು ಪೂರ್ತಿ ಇಳಿಸಿ, ತಟ್ಟಿಯನ್ನು ಹೊರಮಗ್ಗಲಿಗೆ ಕಟ್ಟಿದರು. ಅಕ್ಕನ ಮೇಲಿದ್ದ ಕೌದಿಯನ್ನು ತೆಗೆದು, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಪರದೆಯ ಹಾಗೆ ಬಿಗಿದರು. ಮೇಲೆ, ಛಾವಣಿಯ ಹತ್ತಿರ ಮಾತ್ರ ಸಂದು ಬಿಟ್ಟರು. ಆಮೇಲೆ ನನ್ನ ಪಕ್ಕದ ಗಾಜನ್ನು ಬೆರಳು ತೂರುವಷ್ಟು ಇಳಿಸಿ, ಅದರ ಹಿಡಿಕೆಯನ್ನು ನನಗೆ ತೋರಿಸಿದರು.

“ತಂಗಿ, ನೀ ಮಾತಾಡೂದು ಬ್ಯಾಡ. ಕೂಸಿನ ಕುತ್ತಿಗಿ ಹಿಂದ ಕೈ ಇಟ್ಕೊಂಡ ಇರು. ಬಿಸಿ ಅನಿಸಿದ್ರ ಗಾಜು ಇನ್ನಷ್ಟ ಇಳಸು, ಗಾಳಿ ಹೆಚ್ಚ ಎಳೀತೈತಿ. ತಣ್ಣಗಾತಂದ್ರ ಏರಸು. ತಂಪ ಬರವಲ್ದಂದ್ರ ತಟ್ಟಿ ಒಣಗೇತಿ ಅಂತ ತಿಳಿ. ಆಗ, ಈಗ ಸೀಟಿಗೆ ಬಡದ್ಯಲ್ಲ, ಹಂಗ ಬಡಿ. ನಾ ನೀರ ಹಾಕತೇನಿ.”

ಮೋಟಾರು ಹೊರಟಿತು. ಓಡುವ ರಭಸಕ್ಕೆ ಬಿಸಿ ಗಾಳಿ ಹಸಿ ಬೇರುಗಳ ನಡುವೆ ನುಗ್ಗಿತು. ನೀರು ಆರುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾಕಾ ಆಮೇಲೆ ನನಗೆ ಹಾಗೆ ತಿಳಿಸಿ ಹೇಳಿದರು. ತಣಿದ ಆ ಗಾಳಿ ಪರದೆಯ ಮೇಲಿಂದ ಹಾದು, ಮೆಲ್ಲಗೆ ನಮ್ಮ ಮೇಲೆ ಇಳಿದು, ನನ್ನ ಪಕ್ಕದ ಸಂದಿನಿಂದ ಹೊರಗೆ ಹೋಗುತ್ತಿತ್ತು. ಯಾರ ಮುಖಕ್ಕೂ ಬಡಿಯುತ್ತಿರಲಿಲ್ಲ.

ಆಯಿ ಅಕ್ಕನ ಕಿವಿಯ ಹತ್ತಿರ ಅಂಗೈ ಹಿಡಿದು ಬಹಳ ಹೊತ್ತು ಪರೀಕ್ಷೆ ಮಾಡಿದಳು. ಕಡೆಗೆ ಕೈ ಇಳಿಸಿ, “ಗಾಳಿ ತಾಕವಲ್ದು. ತಂಪೈತಿ,” ಎಂದಳು. ಮತ್ತೆ ಮುಂದಕ್ಕೆ ಬಾಗಿ, “ಬಡಿಯೂದು ತಪ್ಪಿತಪಾ ನಿಂದು,” ಎಂದಳು.

“ನನ್ನ ಪುಣ್ಯಾರಿ,” ಎಂದು ಪರದೆಯ ಆಚೆಯಿಂದ ದನಿ ಬಂತು.

ನಾನು ಕೂಸಿನ ಕುತ್ತಿಗೆಯಿಂದ ಕೈ ತೆಗೆಯಲಿಲ್ಲ. ಬಿಸಿ ಎನಿಸಿದಾಗ ಹಿಡಿಕೆ ಅತ್ತ ತಿರುವಿದೆ, ತಣ್ಣಗೆ ಎನಿಸಿದಾಗ ಇತ್ತ ತಿರುವಿದೆ. ತಟ್ಟಿ ಒಣಗಿದಾಗ ಸೀಟಿಗೆ ಬಡಿದೆ. ಕಾಕಾ ನಿಲ್ಲಿಸಿ ಹೂಜಿಯಿಂದ ನೀರು ಸುರಿದರು. ಹುಬ್ಬಳ್ಳಿಯ ಮನೆಗಳು ಕಾಣುವ ಹೊತ್ತಿಗೆ ಕೂಸು ನನ್ನ ಬೆರಳು ಹಿಡಿದು ಚೀರಿ ಅತ್ತಿತು. ಅಷ್ಟು ಇಂಪಾದ ಅಳು ನಾನು ಮತ್ತೆ ಕೇಳಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ನಿಂತಿದ್ದ. ಲೇಡಿ ಡಾಕ್ಟರು ಅಕ್ಕನನ್ನು ಕೂಡಲೆ ಒಳಗೆ ಕರೆದುಕೊಂಡರು. ಬಾಣಂತಿಯರ ಕೋಣೆ ಪಡುವಣಕ್ಕೆ ತೆರೆದದ್ದು, ಇಳಿಹೊತ್ತಿಗೆ ಕಾದ ಹಂಚಿನಂತಾಗುತ್ತದೆ. ಕಾಕಾ ಅದನ್ನು ಹೊರಗಿನಿಂದಲೇ ನೋಡಿ, ಮೋಟಾರಿನ ತಟ್ಟಿಗಳನ್ನು ಬಿಚ್ಚಿ ತಂದು, ಡಾಕ್ಟರನ್ನು ಕೇಳಿ ಕಿಟಕಿಗೆ ಕಟ್ಟಿಸಿದರು. ಎದುರು ಬಾಗಿಲು ಅರೆ ತೆರೆದಿರಲಿ ಎಂದು ಹೇಳಿಹೋದರು. ಅಕ್ಕ ಅಲ್ಲಿ ಬಹಳ ದಿನ ಮಲಗಿದ್ದಳು. ಜ್ವರ ಇಳಿಯಿತು. ನನ್ನ ಹೆಸರು ಹಿಡಿದು ಕರೆದಳು.

ಈಗ ಅಮೇರಿಕದ ಮೋಟಾರುಗಳಲ್ಲಿ ತಂಪು ಮಾಡುವ ಯಂತ್ರವನ್ನೇ ಕೂಡಿಸುತ್ತಾರಂತೆ. ಅಪ್ಪ ಪತ್ರಿಕೆಯಲ್ಲಿ ಓದಿದ. ತಂಪು ಸಾಕೆನಿಸಿದರೆ ಅದು ತಾನಾಗಿ ನಿಲ್ಲುವುದಿಲ್ಲ, ಅದನ್ನು ತಿರುಗಿಸುವ ಇಂಜಿನ್ನಿನ ಪಟ್ಟಿಯನ್ನು ಕೈಯಿಂದ ಬಿಚ್ಚಬೇಕಂತೆ. ಕಾಕಾ ಅವರಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು.

“ಅಂದ್ರ ಆ ಯಂತ್ರಕ್ಕ ಕೂಸಿನ ಕುತ್ತಿಗಿ ಮುಟ್ಟಿ ನೋಡಾಕ ಬರೂದಿಲ್ಲನು? ಹಂಗಾರ ತಂಗೀನ್ನ ಅಮೇರಿಕಾಕ್ಕ ಕಳಸ್ರಿ!”

ಮುಂದೆ ಯಾವಾಗಲಾದರೂ ಯಂತ್ರವೇ ಬಿಸಿ ತಣ್ಣಗೆ ತಿಳಿದುಕೊಂಡು ತಾನೇ ಹೆಚ್ಚು ಕಡಿಮೆ ಮಾಡಬಹುದು. ಹಾಗಾದರೆ ಬಹಳ ಒಳ್ಳೆಯದು. ಆದರೆ ದನಿ ಬರದ ನನಗೆ ಒಂದು ಹಿಡಿಕೆ ಕೊಟ್ಟು, ಇಬ್ಬರ ಜೀವವನ್ನು ನನ್ನ ಕೈಗೆ ನಂಬಿ ಬಿಟ್ಟವರು ಇಮಾಮಹುಸೇನ ಕಾಕಾ. ಇದನ್ನು ಅವರ ಎದುರು ಹೇಳಲು ನನಗೆ ಇನ್ನೂ ಆಗಿಲ್ಲ.

ಆಸ್ಪತ್ರೆಯ ಕಿಟಕಿಯ ತಟ್ಟಿಗಳು ಮಳೆಗಾಲದಲ್ಲಿ ಕೊಳೆತುಹೋದವು. ಬರುವ ಸೋಮವಾರದಿಂದ ನಾನು ಮಾಬೂಬಿ ಚಿಗವ್ವನ ಹತ್ತಿರ ಹೆಣಿಗೆ ಕಲಿಯಲು ಹೋಗುತ್ತೇನೆ. ಬೇಸಗೆಗೆ ಮೊದಲು ಬಾಣಂತಿಯರ ಕೋಣೆಗೆ ಹೊಸ ತಟ್ಟಿ ಹೆಣೆದುಕೊಡುತ್ತೇನೆ.