ಮಾವನಿಗೆ ಹೊಡೆದ ಶಾಕು

ಪೆದ್ದತನ ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೋದರಮಾವನ ಹೃದಯ ಕೈಕೊಡುತ್ತಿದ್ದ ಹೊತ್ತಿನಲ್ಲಿ ನಾನು ಅವರೆದುರೇ ನಿಂತು, ಅವರು ಏದುಸಿರು ಬಿಡುವುದನ್ನು ನಕಲು ಮಾಡಿ ತೋರಿಸಿದೆ. ಮನೆಯವರೆಲ್ಲ ನಕ್ಕರು. ಮಾವನೂ ನಗಲು ಹೋಗಿ, ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸಿದರು. ನಾನು ಅದನ್ನೂ ನಕಲು ಮಾಡಿದೆ.

ನನ್ನ ಬಾಯಿಗೆ ಸಿಗದವರು ನಮ್ಮ ಮನೆಯಲ್ಲಿಲ್ಲ. ಅತ್ತೆ ತಮಿಳಿನಲ್ಲಿ ತರಕಾರಿ ಚೌಕಾಸಿ ಮಾಡಿ ಕನ್ನಡದಲ್ಲಿ ಬೈಯುವುದು, ನಾನೇ ಹುಡುಗಿಯರ ಮುಂದೆ ತೊದಲುವುದು, ಎಲ್ಲವೂ ನನ್ನ ಸರಕು. ಮಾವ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಟಿಂಗ್ ಮಾಸ್ಟರ್, ಇಡೀ ದಿನ ನಿಂತೇ ಇರುವ ಮನುಷ್ಯ. ಮೊನ್ನೆಯಿಂದ ಎದೆ ಒತ್ತಿದ ಹಾಗಿದೆ ಅನ್ನುತ್ತಿದ್ದರು. ಗ್ಯಾಸು ಎಂದು ಸೋಡಾ ಕುಡಿದಿದ್ದರು. ಆ ಭಾನುವಾರ ಫ್ಯಾನಿನ ಕೆಳಗೆ ಕೂತೂ ಬೆವರುತ್ತಿದ್ದರು. ಕೈ ಹಿಡಿದರೆ ಫ್ರಿಜ್ಜಿನಿಂದ ತೆಗೆದ ಹಾಗಿತ್ತು.

"ಏನ್ ಮಾವ, ಒಳಗೆ ಏಸಿ ಹಾಕಿಸ್ಕೊಂಡ್ರಾ?"

ಬಸ್ಸು ಹಿಡಿದು ಉಡುಮಲೈಪೇಟೆಗೆ ಹೋಗಿ ವಾಪಸಾದಷ್ಟು ತಡವಾಗಿ ಉತ್ತರ ಬಂತು. "ಹೂಂ." ಅಷ್ಟೇ. ಆಗ ಅವರ ತುಟಿಯ ಬಣ್ಣ ನೋಡಿದೆ. ಓಡಿ ಹೋಗಿ ಆಟೋ ತಂದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾವನ ಉಗುರು ಒತ್ತಿ ಬಿಟ್ಟರು. ಬಿಳಿಚಿದ ಉಗುರಿಗೆ ಕೆಂಪು ತಿರುಗಿ ಬರಲೇ ಇಲ್ಲವೇನೋ ಅನ್ನಿಸಿತು. ಬಿಪಿ ತೀರಾ ಕೆಳಗಿತ್ತು. ಬೆಳಗ್ಗೆ ಉಸಿರಾಟ ಹೇಗಿತ್ತು ಎಂದು ತಮಿಳಿನಲ್ಲಿ ಕೇಳಿದರು. ನಾನು ಮಾಡಿ ತೋರಿಸಿದೆ. ಯಾರೂ ನಗಲಿಲ್ಲ. ಮಾವ ಇವತ್ತಿಗೂ "ಮಾಡೋ, ಮಾಡೋ" ಎಂದು ಕೆಣಕುತ್ತಾರೆ. ಆ ಒಂದು ನಕಲನ್ನು ನಾನು ಮತ್ತೆ ಮಾಡಿಲ್ಲ.

"ಕಾರ್ಡಿಯೋಜೆನಿಕ್ ಶಾಕ್," ಎಂದರು ಡಾಕ್ಟರಮ್ಮ.

ಅತ್ತೆಗೆ ಕೇಳಿಸಿದ್ದು ಕೊನೆಯ ಪದ ಮಾತ್ರ. ನಮ್ಮ ಮನೆಯಲ್ಲಿ ಶಾಕು ಹೊಡೆಯುವುದು ಕರೆಂಟಿನಿಂದ, ಇಲ್ಲ ಕೆಟ್ಟ ಸುದ್ದಿಯಿಂದ. ಮಾವ ಕರೆಂಟು ಮುಟ್ಟಿರಲಿಲ್ಲ. ಅತ್ತೆ ನನ್ನತ್ತ ತಿರುಗಿದರು. "ಏನ್ ಡಾ ಹೇಳಿ ಹೆದರಿಸ್ದೆ ಅವ್ರನ್ನ?"

ಡಾಕ್ಟರಮ್ಮ ಇಂಗ್ಲಿಷು ಬೆರೆಸಿ ಹೇಳಿದ್ದನ್ನು ನಾನು ಯಾರ ದನಿಯನ್ನೂ ಸೇರಿಸದೆ ಕನ್ನಡಕ್ಕೆ ಇಳಿಸಿದೆ. ಮೊನ್ನೆಯದು ಗ್ಯಾಸಲ್ಲ, ಹಾರ್ಟ್ ಅಟ್ಯಾಕು. ರಕ್ತನಾಳ ಮುಚ್ಚಿ ಹೃದಯದ ಒಂದು ಭಾಗ ಸೋತಿದೆ, ರಕ್ತ ನೂಕಲು ಅದಕ್ಕೆ ಆಗುತ್ತಿಲ್ಲ. ಇರುವಷ್ಟನ್ನು ಮೈ ತಲೆಗೂ ಎದೆಗೂ ಉಳಿಸಿಕೊಂಡು ಕೈಕಾಲನ್ನು ಬಿಟ್ಟುಕೊಟ್ಟಿದೆ, ಅದಕ್ಕೇ ಕೈ ಇಷ್ಟು ತಣ್ಣಗಿರುವುದು. ಮೂತ್ರವೂ ನಿಂತಿದೆ.

"ಒಂದ್ ಬಾಟ್ಲು ಗ್ಲೂಕೋಸ್ ಹಾಕೋಕೆ ಹೇಳು, ಮೈಗೆ ತೆಂಬು, ಶಕ್ತಿ ಬರುತ್ತೆ," ಎಂದರು ಅತ್ತೆ.

"ಶ್ವಾಸಕೋಶದಲ್ಲಿ ಆಗಲೇ ನೀರು ನಿಂತಿದೆಯಮ್ಮಾ. ಇನ್ನೂ ಹಾಕಿದರೆ ಹಾಸಿಗೆಯಲ್ಲೇ ಮುಳುಗಿಸಿದ ಹಾಗೆ," ಎಂದರು ಡಾಕ್ಟರಮ್ಮ.

ಬಿಪಿ ಹಿಡಿದು ನಿಲ್ಲಿಸುವ ಔಷಧಿ ಸಣ್ಣ ಮಿಷನ್ನಿನಿಂದ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಅದು ಸ್ವಲ್ಪ ಸಮಯ ಗಳಿಸಿಕೊಡುತ್ತದೆ ಅಷ್ಟೇ, ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆದು ಸ್ಟೆಂಟ್ ಇಡಬೇಕು, ಈಗಲೇ, ಎಂದರು. ಹಾಗೆ ಮಾಡುವಾಗ ಟೇಬಲ್ಲಿನ ಮೇಲೇ ಜೀವ ಹೋಗಬಹುದು. ಕಾದರೆ ಕಿಡ್ನಿ, ಲಿವರು ಒಂದೊಂದಾಗಿ ನಿಲ್ಲುತ್ತವೆ. ಹೀಗೆ ಹೇಳುವಾಗ ಅವರು ನಮ್ಮನ್ನು ನೋಡುತ್ತಿರಲಿಲ್ಲ, ಮಾನಿಟರನ್ನು ನೋಡುತ್ತಿದ್ದರು.

ಒಪ್ಪಿಗೆ ಪತ್ರ ಮುಂದಿತ್ತು, ಪೆನ್ನು ಅತ್ತೆಯ ಕೈಯಲ್ಲಿತ್ತು. "ಶಾಕ್ ತಾನೆ? ಹೆದರಿಕೆ ಇಳಿದ್ರೆ ಸರಿಹೋಗ್ತಾರೆ. ಸುಮ್ನೆ ಒಳಗೆ ಕರ್ಕೊಂಡ್ ಹೋಗಿ ಏನಾದ್ರೂ ಆಗ್ಬಿಟ್ರೆ? ನಾಳೆ ತನಕ ನೋಡೋಣ."

ಊರವರೆಲ್ಲರ ದನಿ ಬರುವ ನನಗೆ ಅತ್ತೆಯನ್ನು ಒಪ್ಪಿಸುವ ಒಂದು ದನಿಯೂ ಹೊಳೆಯಲಿಲ್ಲ. ಮಾನಿಟರು ಕೂಗಿಕೊಂಡಿತು. ನರ್ಸು ಓಡಿ ಬಂದರು. ಅಷ್ಟರಲ್ಲಿ ಮಾವ ಕಣ್ಣು ತೆರೆದು, ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಪದ ಹೆಕ್ಕಿ ಅತ್ತೆಗೆ ಹೇಳಿದರು:

"ನಾಳೆ ನೀನು ನೋಡ್ತೀಯ, ನಾನಿರಲ್ಲ. ಸೈನ್ ಹಾಕು."