ಕೆಂಪು ನೆಲ ಒಣಗುವ ಮೊದಲು

ನನ್ನ ಮೊಮ್ಮಗಳು ನಡೆದಳು. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಯಾರ ಕೈಯನ್ನೂ ಹಿಡಿಯದೆ, ಗೋಡೆಯನ್ನೂ ಮುಟ್ಟದೆ, ನನ್ನ ಹೊಸ ಕೋಣೆಯ ಹೊಸಿಲಿನಿಂದ ಕಿಟಕಿಯವರೆಗೆ ತಾನಾಗಿ ನಡೆದು ಬಂದಳು. ಇಷ್ಟು ವರ್ಷವಾದರೂ ಇದನ್ನು ಹೇಳುವಾಗ ನನಗೆ ಉಸಿರು ಸಾಲುವುದಿಲ್ಲ.

ಮತ್ತಿಕೆರೆ ಆಗ ಅರ್ಧ ಹಳ್ಳಿ, ಅರ್ಧ ಪೇಟೆ. ನಮ್ಮದು ಹಳೇ ಊರೊಳಗಿನ ಹೆಂಚಿನ ಮನೆ. ನಾನು ಓದಿದ್ದು ಮೂರನೇ ಕ್ಲಾಸು. ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದೆ. ಹಂಡೆಗಟ್ಟಲೆ ಅನ್ನ ಬಸಿದು, ಗಂಜಿ ಹರಿದು ಜಾರುವ ಕಲ್ಲುಚಪ್ಪಡಿಯ ಮೇಲೆ ನಿಂತೂ ನಿಂತೂ ಪಾದವೆಲ್ಲ ಸೀಳು ಬಿಟ್ಟಿತ್ತು. ಆ ಕೆಲಸದ ಮೇಲೆ ನನಗೆ ಸಿಟ್ಟಿಲ್ಲ. ಅದು ನಮ್ಮನ್ನು ಸಾಕಿತು, ಮಗನನ್ನು ಓದಿಸಿತು. ಆದರೆ ಕೆಲಸ ಬಿಟ್ಟ ಮೇಲೆ ಒಂದು ಆಸೆ ಇತ್ತು. ನುಣ್ಣಗಿನ ಕೆಂಪು ನೆಲದ ಒಂದು ಕೋಣೆ ಬೇಕು, ಮಧ್ಯಾಹ್ನ ಚಾಪೆಯೂ ಇಲ್ಲದೆ ಬರಿ ನೆಲದಲ್ಲಿ ಮಲಗಬೇಕು, ಬೆನ್ನು ತಣ್ಣಗಾಗಬೇಕು. ಅಷ್ಟೇ.

ಅಡಿಗೆಮನೆಯ ಪಕ್ಕ ಸೌದೆ ಒಟ್ಟುವ ಕೋಣೆ ಇತ್ತು. ಮನೆಗೆ ಗ್ಯಾಸ್ ಬಂದ ಮೇಲೆ ಅಲ್ಲಿ ಗೋಣಿಚೀಲ, ಕಾಲು ಮುರಿದ ಕುರ್ಚಿ, ಹಲ್ಲಿ ಇಷ್ಟೇ ಉಳಿದಿದ್ದವು. ಅದನ್ನು ನನಗೆ ಮಾಡಿಸಿಕೊಡಿ ಅಂದೆ. ಮಗ ಎರಡು ಮಾತಾಡದೆ ಒಪ್ಪಿದ. ನಮ್ಮ ಯಜಮಾನರು ಮಾತ್ರ, ಇಡೀ ಮನೆ ನಿನ್ನದೇ ಆಗಿರುವಾಗ ಇನ್ನೊಂದು ಕೋಣೆ ಯಾಕೆ, ನನ್ನ ಮುಖ ನೋಡಿ ಬೇಜಾರಾಯಿತಾ ಅಂತ ಕೇಳಿದರು. ಹೌದು ಅಂದೆ. ಮಾರನೆಯ ದಿನ ಅವರೇ ಹೋಗಿ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದರು.

ಹೊಗೆ ಹಿಡಿದ ಗೋಡೆಗಳನ್ನು ಕೆರೆದು ತಿಳಿ ಹಸಿರು ಸುಣ್ಣ ಹೊಡೆಸಿದೆವು. ಹಿತ್ತಲ ಕಡೆಗೆ ಒಂದು ಕಿಟಕಿ ಇಡಿಸಿದೆ. ಅದು ತಗ್ಗಿನಲ್ಲೇ ಇರಬೇಕು, ನೆಲದಲ್ಲಿ ಕೂತರೂ ನನಗೆ ಕರಿಬೇವಿನ ಗಿಡ ಕಾಣಬೇಕು ಅಂತ ಹಟ ಹಿಡಿದೆ. ಮೇಸ್ತ್ರಿಗೆ ನಗು. ಇಷ್ಟು ಕೆಳಗೆ ಕಿಟಕಿ ಇಟ್ಟರೆ ಕೋಳಿಗಳು ಬಂದು ನಿಮ್ಮನ್ನು ಮಾತಾಡಿಸುತ್ತವೆ ಅಂದ. ಮಾತಾಡಿಸಲಿ ಅಂದೆ.

ಇದರ ನಡುವೆ ನಮ್ಮೆಲ್ಲರ ಎದೆಯ ಮೇಲೆ ಕೂತಿದ್ದ ಚಿಂತೆ ಒಂದೇ. ಮಗನ ಮಗಳಿಗೆ ಮೂರು ವರ್ಷ ಹತ್ತಿರ ಬಂದಿತ್ತು, ಇನ್ನೂ ನಡೆದಿರಲಿಲ್ಲ. ಮಾತು ಪಟಪಟ ಆಡುತ್ತಿದ್ದಳು. ಮಂಡಿಯೂರಿ ಮನೆಯೆಲ್ಲ ಓಡುತ್ತಿದ್ದಳು, ಏನಾದರೂ ಹಿಡಿದು ನಿಲ್ಲುತ್ತಿದ್ದಳು. ಕೈ ಬಿಡಿಸಿದರೆ ಕುಸಿದು ಕೂತುಬಿಡುತ್ತಿದ್ದಳು. ದೊಡ್ಡಾಸ್ಪತ್ರೆಯ ಡಾಕ್ಟರು ಕಾಲು ಚೆನ್ನಾಗಿದೆ, ಮಗುವಿಗೆ ಧೈರ್ಯ ಬರಬೇಕು, ಕಾಯಿರಿ ಅಂದಿದ್ದರು. ಕೋಣೆಯ ಕೆಲಸಕ್ಕೆ ಮನೆ ಮುಂದೆ ಮರಳು ಹುಯ್ಯಿಸಿದ್ದೇ ತಡ, ಬೀದಿಯ ಹೆಂಗಸರ ಮಾತು ಕೇಳಿ, ಕಾಲಿಗೆ ಬಲ ಬರಲಿ ಅಂತ ಸಂಜೆಗಳಲ್ಲಿ ಅವಳನ್ನು ಸೊಂಟದ ತನಕ ಅದರಲ್ಲಿ ಹೂತು ನಿಲ್ಲಿಸಿದೆವು. ಅವಳು ರಾಣಿಯ ಹಾಗೆ ನಿಂತು, ಹೋಗಿಬರುವವರ ಮೇಲೆಲ್ಲ ಮರಳು ಎರಚಿದಳು.

ಸೊಸೆ ಯಾರ ಹತ್ತಿರವೂ ಅಳುತ್ತಿರಲಿಲ್ಲ. ಒಂದು ಸಲ ಯಜಮಾನರು, ಪುಟ್ಟಿ ನಡೆದಳು, ಪುಟ್ಟಿ ನಡೆದಳು ಅಂತ ಕೂಗಿದ್ದಕ್ಕೆ, ರಾಗಿ ಹಿಟ್ಟಿನ ಕೈಯಲ್ಲೇ ಅವಳು ಓಡಿ ಬಂದಿದ್ದಳು. ನೋಡಿದರೆ ಮಗು ಮಂಚದ ಕಾಲು ಹಿಡಿದುಕೊಂಡು ಸುತ್ತುತ್ತಿತ್ತು. ಆ ದಿನ ಸೊಸೆ ನನ್ನೊಬ್ಬಳ ಹತ್ತಿರ ಹೇಳಿದಳು.

"ಅತ್ತೆ, ಇನ್ಮೇಲೆ ಯಾರೂ ನಂಗೆ ಹೀಗೆ ಹೇಳ್ಬೇಡಿ. ಆಸೆ ಹುಟ್ಸಿ ಕಿತ್ಕೊಂಡ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

ನೆಲ ಹಾಕುವ ದಿನ ಬಂತು. ಕೆಂಪು ಪುಡಿ ಬೆರೆಸಿದ ಸಿಮೆಂಟನ್ನು ಮೇಸ್ತ್ರಿ ಕಿಟಕಿಯ ಮೂಲೆಯಿಂದ ಶುರು ಮಾಡಿ, ಕರಣೆಯಲ್ಲಿ ಎಳೆದು ಎಳೆದು ನುಣುಪು ಮಾಡುತ್ತಾ, ಹಿಂದಹಿಂದಕ್ಕೆ ಸರಿಯುತ್ತಾ ಬಾಗಿಲಿಗೆ ಬಂದು ಮುಗಿಸಿದ. ಯಾರೂ ಕಾಲಿಡಬೇಡಿ ಅಂತ ಹೇಳಿ ಕರಣೆ ತೊಳೆಯಲು ತೊಟ್ಟಿಯ ಹತ್ತಿರ ಹೋದ. ಸೊಸೆ ಸಕ್ಕರೆ ಬಂದಿದೆಯೆಂದು ರೇಷನ್ ಅಂಗಡಿಗೆ ಹೋಗಿದ್ದಳು. ಮಗುವನ್ನು ನೋಡಿಕೊಳ್ಳಬೇಕಾದ ಯಜಮಾನರು ಜಗಲಿಯಲ್ಲಿ ತೂಕಡಿಸುತ್ತಿದ್ದರು.

ನನಗೆ ನೆಲ ನೋಡುವ ಆಸೆ. ಒಳಗೆ ಹೋಗುವ ಹಾಗಿಲ್ಲವಲ್ಲ, ಹಿತ್ತಲಿಗೆ ಬಂದು ಕಿಟಕಿಯ ಹೊರಗೆ ಕುಕ್ಕರುಗಾಲಲ್ಲಿ ಕೂತೆ. ನೆಲ ತುಂಬಿದ ಕೆರೆಯ ಹಾಗೆ ಹೊಳೆಯುತ್ತಿತ್ತು. ಕಣ್ಣು ತುಂಬಿ ಬಂತು. ಇದು ನನ್ನದು ಅಂದುಕೊಂಡು ತಲೆಯೆತ್ತಿದರೆ, ಎದುರಿನ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಾಳೆ ನನ್ನ ಪುಟ್ಟಿ.

"ಅಜ್ಜೀ" ಅಂದಳು.

ನಾನು ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳು ಚೌಕಟ್ಟು ಬಿಟ್ಟಳು. ಹೊಸಿಲು ದಾಟಿ ಒಂದು ಕಾಲು ಇಟ್ಟಳು. ಹಸಿ ಸಿಮೆಂಟು ಕಾಲನ್ನು ಮೆಲ್ಲಗೆ ಹಿಡಿದುಕೊಂಡಿತು. ಅದಕ್ಕೇ ಅವಳಿಗೆ ಧೈರ್ಯ ಬಂತೋ ಏನೋ, ನನಗೆ ಇಂದಿಗೂ ಹಾಗೆ ಅನ್ನಿಸುತ್ತದೆ. ಕಾಲು ಕಿತ್ತು ಮುಂದಿಟ್ಟಳು, ತೂಗಾಡಿದಳು, ಮತ್ತೆ ಇಟ್ಟಳು. ನನ್ನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ನಾನು ಕಂಬಿಯೊಳಗೆ ಎರಡೂ ಕೈ ತೂರಿಸಿದ್ದೆ. ಬಂದು ನನ್ನ ಬೆರಳು ಹಿಡಿದಳು.

ಆಮೇಲೆ ನಾನು ಕೂಗಿದ ಕೂಗಿಗೆ ಮೇಸ್ತ್ರಿ ಓಡಿ ಬಂದ. ಹಲಗೆ ಹಾಸಿಕೊಂಡು ಒಳಗೆ ಹೋಗಿ ಮಗುವನ್ನು ಎತ್ತಿ ತಂದ. ಸಿಮೆಂಟು ಚರ್ಮ ಸುಡುತ್ತದೆಂದು ಮೊದಲು ಅವನೇ ಕಾಲಿಗೆ ನೀರು ಹುಯ್ದ. ನಾನು ತೊಳೆದು ಕೊಬ್ಬರಿ ಎಣ್ಣೆ ಹಚ್ಚಿದೆ. ಉಗುರಿನ ಸಂದಿಯ ಕೆಂಪು ಹೋಗಲಿಲ್ಲ. ಎಷ್ಟು ಮುದ್ದಿಸಿದರೂ ಅವಳು ಮತ್ತೆ ನಡೆಯಲೂ ಇಲ್ಲ. ಕೂತಲ್ಲೇ ಕೂತು ಬೆಲ್ಲ ಕೇಳಿದಳು.

ಮೇಸ್ತ್ರಿ ಕರಣೆ ಹಿಡಿದು ಬಂದ. ಹಲಗೆಯ ಗುರುತು ಅಳಿಸಿಯಾಗಿತ್ತು. ಹೆಜ್ಜೆಗಳ ಮೇಲೂ ಒಂದು ಸಲ ಎಳೆದುಬಿಡುತ್ತೇನೆ, ಬಿಗಿದುಕೊಂಡರೆ ಆಮೇಲೆ ಆಗುವುದಿಲ್ಲ ಅಂದ. ಇರು, ಸೊಸೆ ಬರಲಿ ಅಂದೆ. ಸೊಸೆ ಬರಲಿಲ್ಲ. ಅಷ್ಟರಲ್ಲಿ ಕಣ್ಣುಜ್ಜಿಕೊಂಡು ಬಂದ ಯಜಮಾನರು, ಅಳಿಸಲಿ ಬಿಡು, ನಾವು ಸಾಕ್ಷಿ ಹೇಳಿದರಾಯಿತು ಅಂದರು.

"ನಿಮ್ಮ ಸಾಕ್ಷಿ ಒಂದ್ಸಲ ಕೇಳಿದ್ದಾಯ್ತಲ್ಲ, ಸುಮ್ನಿರಿ."

ಮೇಸ್ತ್ರಿ ಒಳ್ಳೆಯ ಮಾತಿನಲ್ಲೇ ಹೇಳಿದ: "ಅಮ್ಮಾ, ಇಷ್ಟ್ ಆಸೆಪಟ್ಟು ಹಾಕ್ಸಿದೀರಿ. ಮಲ್ಗಿದ್ರೆ ಬೆನ್ನಿಗೆ ಚುಚ್ಚುತ್ತೆ."

"ಚುಚ್ಲಿ ಬಿಡಪ್ಪ. ಅವಳಮ್ಮ ನೋಡ್ಬೇಕು."

ಅವನು ಮತ್ತೆ ಹಲಗೆ ಹಾಸಿ, ಅದರ ಮೇಲೆ ಮಂಡಿಯೂರಿ, ಒದ್ದೆ ಬಟ್ಟೆಯಿಂದ ಒಂದೊಂದು ಹೆಜ್ಜೆಯ ಅಂಚಿನಲ್ಲಿ ಎದ್ದಿದ್ದ ಸಿಮೆಂಟನ್ನು ಮಾತ್ರ ಸವರಿ ತಗ್ಗಿಸಿದ. ಹೆಜ್ಜೆಗೆ ಏನೂ ಆಗಲಿಲ್ಲ. ಯಾರೂ ಹೇಳದೆ ಮಾಡಿದ ಕೆಲಸ ಅದು. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ.

ಸೊಸೆ ಬಂದಾಗ ಬಿಸಿಲು ಇಳಿದಿತ್ತು. ನಾನು ಏನೂ ಹೇಳಲಿಲ್ಲ, ಚೀಲ ಇಸಿದುಕೊಂಡು ಬಾಗಿಲಿಗೆ ಕರೆದುಕೊಂಡು ಹೋದೆ. ಅವಳು ನೋಡಿದಳು. ಹೊಸಿಲ ಮೇಲೆ ಕೂತು, ಬಗ್ಗಿ, ಹತ್ತಿರದಿಂದ ನೋಡಿದಳು. ಬಲಗಾಲು, ಎಡಗಾಲು, ಬಲಗಾಲು. ಬೆರಳುಗಳು ಕೂಡ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಆಮೇಲೆ ಮೆಲ್ಲಗೆ ಹೇಳಿದಳು.

"ಮಂಡಿ ಗುರುತು ಎಲ್ಲೂ ಇಲ್ಲ ಅತ್ತೆ. ಅಂಗೈದೂ ಇಲ್ಲ."

"ಇಲ್ಲ ಕಣಮ್ಮ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮದುವೆಯಾಗಿ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ನಾನೂ ಪಕ್ಕದಲ್ಲಿ ಕೂತುಕೊಂಡೆ.

ಕತ್ತಲಾಗುವಾಗ ಮಗ ಸೈಕಲ್ಲಿನಲ್ಲಿ ಬಂದ. ಒಳಗೆ ಇಣುಕಿ, ಯಾರು ತುಳಿದದ್ದು, ಹಾಳಾಯಿತಲ್ಲ ನೆಲ ಅಂತ ರೇಗಿದ. ಸೊಸೆ, ಸರಿಯಾಗಿ ನೋಡಿ ಅಂದಳು. ನೋಡಿದ. ಹೊರಗೆ ಹೋಗಿ ಸುಮ್ಮನೆ ಸೈಕಲ್ಲಿನ ಹತ್ತಿರ ನಿಂತುಕೊಂಡ. ಒಳಗೆ ಬಂದಾಗ ಮುಖ ತೊಳೆದುಕೊಂಡಿದ್ದ.

ಮಗು ಮೊದಲ ಹೆಜ್ಜೆ ಇಟ್ಟರೆ ನಮ್ಮಲ್ಲಿ ಕಜ್ಜಾಯ ಸುಟ್ಟು ಹಂಚುವ ರೂಢಿ. ಅದಕ್ಕೆ ಅಕ್ಕಿ ನೆನೆಯಬೇಕು, ಪಾಕ ಹಿಡಿಯಬೇಕು, ಒಂದು ದಿನದ ಮಾತಲ್ಲ. ಅಕ್ಕಿ ನೆನೆಹಾಕಿ, ಅವತ್ತಿಗೆ ಶಾವಿಗೆ ಪಾಯಸವೇ ಆಗಲಿ ಅಂದೆವು. ಮುದ್ದೆ, ಸೊಪ್ಪಿನ ಸಾರು, ಪಾಯಸ. ಮೇಸ್ತ್ರಿಯನ್ನು ಹೋಗಲು ಬಿಡಲಿಲ್ಲ. ನಡುಮನೆಯಲ್ಲಿ ಎಲೆ ಹಾಕಿ ಎಲ್ಲರೂ ಸಾಲಾಗಿ ಕೂತೆವು. ಅವನು ಸಂಕೋಚಪಟ್ಟು ಸಾಲಿನಿಂದ ಸ್ವಲ್ಪ ದೂರವೇ ಕೂತ. ಸೊಸೆ ಬಡಿಸುತ್ತಿದ್ದಳು.

ಪುಟ್ಟಿ ಅಪ್ಪನ ಭುಜ ಹಿಡಿದು ಎದ್ದು ಒಂದು ತುತ್ತು ತಿಂದಳು. ಅಲ್ಲಿಂದ ನನ್ನ ಭುಜ, ನನ್ನ ಎಲೆಯಿಂದ ಒಂದು ತುತ್ತು. ಅಲ್ಲಿಂದ ತಾತನ ಭುಜ. ಆಮೇಲೆ ಅವಳಿಗೆ ಮೇಸ್ತ್ರಿಯ ಎಲೆಯ ಪಾಯಸ ಬೇಕಾಯಿತು. ನಡುವೆ ಹಿಡಿಯಲು ಯಾರೂ ಇರಲಿಲ್ಲ. ನಿಂತು ನೋಡಿದಳು. ತಾತನ ಭುಜ ಬಿಟ್ಟಳು, ತೂಗಾಡುತ್ತಾ ಹೋಗಿ ಮೇಸ್ತ್ರಿಯ ತೋಳಿಗೆ ತಗುಲಿಕೊಂಡಳು.

ಸೊಸೆ ಸೌಟು ಹಿಡಿದವಳು ಹಾಗೇ ನಿಂತಿದ್ದಳು. ಆಮೇಲೆ ಬಗ್ಗಿ ಮೇಸ್ತ್ರಿಯ ಎಲೆಗೆ ಪಾಯಸ ಬಡಿಸಿದಳು. ಅವನು ಸಾಕು ಸಾಕು ಅನ್ನುತ್ತಿದ್ದರೂ ಬಡಿಸುತ್ತಲೇ ಇದ್ದಳು.